ಕ್ಯಾರ್ ಚಂಡಮಾರುತದ ವಾರ, ಒಂಟಿ ಕಯಾಕ್: ತದಡಿಯಿಂದ ಹೊನ್ನಾವರದವರೆಗಿನ ಒಂದು ಪ್ರಕರಣ

2019ರ ಅಕ್ಟೋಬರ್‌ನಲ್ಲಿ ಗಂಗಾವತಿ ತಾಲ್ಲೂಕಿನ ಒಬ್ಬ ಭತ್ತದ ರೈತ ಒಬ್ಬನೇ ಕಯಾಕ್ (ಕೂತು ಹುಟ್ಟು ಹಾಕುವ ಸಪೂರ ದೋಣಿ) ಹಾಕಿಕೊಂಡು ಅಂಕೋಲಾ ಕಡೆಯಿಂದ ಮಲ್ಪೆಗೆ ಹೊರಟ. ದಾರಿಯಲ್ಲಿದ್ದಾಗ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದಿತು. ಅದು ಹತ್ತಿರ ಇದ್ದಷ್ಟು ದಿನ ಅವನಿಗೆ ಏನೂ ಆಗಲಿಲ್ಲ. ಅದು ಸಾವಿರ ಕಿ.ಮೀ. ದೂರ ಹೋದ ಮೇಲೆ, ಒಳ್ಳೆ ಬಿಸಿಲಿದ್ದ ಒಂದು ದಿನ, ಸಿಕ್ಕಿಹಾಕಿಕೊಂಡ. ಅಮಾವಾಸ್ಯೆ ಕತ್ತಲಲ್ಲಿ ಇಡೀ ರಾತ್ರಿ ನೀರಿನ ಮೇಲೆ ಕೂತು ಕಳೆದ.

ಅವನು ನಮ್ಮ ಚಿಕ್ಕಪ್ಪನ ಮಗ. ಇಲ್ಲಿ ತಮ್ಮ ಅಂತಲೇ ಬರೆಯುತ್ತೇನೆ. ಆ ಪ್ರಯಾಣಕ್ಕೆ ದಡದ ಸಂಪರ್ಕ ನಾನು. ಗಂಗಾವತಿಯಲ್ಲಿ ಕೂತು ಫೋನ್ ಎತ್ತುವುದು, ಹವಾಮಾನ ಓದಿ ಹೇಳುವುದು, ಹೇಳಿದ ಹೊತ್ತಿಗೆ ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಬೇಕೋ ಅವರಿಗೆ ತಿಳಿಸುವುದು ನನ್ನ ಕೆಲಸ. ಹಾಗಾಗಿ ಯಾವ ಹೊತ್ತಿಗೆ ಯಾರಿಗೆ ಏನು ಗೊತ್ತಿತ್ತು ಅನ್ನುವುದು ನನ್ನ ನೋಟ್‌ಬುಕ್‌ನಲ್ಲಿದೆ. ಈಗೀಗ ತುಂಗಭದ್ರಾ ಹಿನ್ನೀರಿಗೆ ಕಯಾಕ್ ಇಳಿಸುವ ಹುಡುಗರು ಸಿಕ್ಕಾಗಲೆಲ್ಲ ಆ ರಾತ್ರಿಯ ಕಥೆ ಕೇಳುತ್ತಾರೆ. ರಾತ್ರಿ ಕಥೆ ಚೆನ್ನಾಗಿದೆ, ಹೇಳೋಣ. ಆದರೆ ಈ ಪ್ರಕರಣದ ಗಂಟು ಇರುವುದು ಅದೇ ದಿನ ಬೆಳಗ್ಗೆ ಹನ್ನೊಂದು ಗಂಟೆಯಲ್ಲಿ.

ಹಿನ್ನೀರು ಕಲಿಸಿದ್ದು, ಕಲಿಸದೇ ಬಿಟ್ಟದ್ದು

ನಮ್ಮಜ್ಜ ಆನೆಗೊಂದಿ ಕಡೆ ಹರಿಗೋಲು ಹಾಕುತ್ತಿದ್ದ. ನೀರಿನ ಸಿಟ್ಟು ನಮಗೆ ಹೊಸದಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಹೊಳೆ ತುಂಬಿ, ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿ ತರಬೇಕಾಯಿತು. ತಮ್ಮ ಕಯಾಕ್ ಕಲಿತದ್ದು ಟಿಬಿ ಡ್ಯಾಂ ಹಿನ್ನೀರಿನಲ್ಲಿ, ಕೊಪ್ಪಳದ ಕಡೆಯ ದಂಡೆಯಲ್ಲಿ. ಕಲಿಯೋಕೆ ಅದು ಕೆಟ್ಟ ಜಾಗ ಅಲ್ಲ. ಮುಂಗಾರಿನಲ್ಲಿ ನಮ್ಮ ಕಡೆ ಮಳೆಗಿಂತ ಗಾಳಿಯೇ ಜಾಸ್ತಿ. ಕೊಪ್ಪಳ, ಗದಗ ಸೀಮೆಯ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಜುಲೈನಲ್ಲಿ ಪಡುವಣ ಗಾಳಿ ಜಲಾಶಯದ ಉದ್ದಕ್ಕೂ ಬೀಸಿದಾಗ ಚಿಕ್ಕ, ಕಡಿದಾದ ಅಲೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ದೋಣಿ ಮಗುಚಿದರೆ ಒಳಗೆ ಕೂತಲ್ಲೇ ಸೊಂಟ ತಿರುಗಿಸಿ, ಹುಟ್ಟಿನ ಆಸರೆಯಲ್ಲಿ ಮತ್ತೆ ಎದ್ದು ಕೂರುವುದನ್ನು ತಮ್ಮ ಅಲ್ಲೇ ರೂಢಿ ಮಾಡಿಕೊಂಡಿದ್ದ.

ಹಿನ್ನೀರು ಕಲಿಸದ ವಿಷಯ ಮೂರು. ಒಂದು, ಉಬ್ಬರ ಇಳಿತ. ಎರಡು, ಸ್ವೆಲ್, ಅಂದರೆ ದೂರದ ಬಿರುಗಾಳಿ ಎಬ್ಬಿಸಿ ಕಳಿಸುವ ಉದ್ದನೆಯ ಅಲೆ. ಹಿನ್ನೀರಿನಲ್ಲಿ ಎರಡು ಅಲೆಗಳ ನಡುವೆ ಎರಡು ಮೂರು ಸೆಕೆಂಡ್ ಅಂತರ. ಮೂರು ಸೆಕೆಂಡಿನ ಅಲೆಯ ಉದ್ದ ಸುಮಾರು 14 ಮೀಟರ್. ಸಮುದ್ರದಲ್ಲಿ ಚಂಡಮಾರುತ ಹುಟ್ಟಿಸುವ ಅಲೆಗೆ 14 ಸೆಕೆಂಡ್ ಅವಧಿ ಇರಬಹುದು, ಆಳ ನೀರಿನಲ್ಲಿ ಅದರ ಉದ್ದ 300 ಮೀಟರ್. ಗಂಟೆಗೆ ಸುಮಾರು 40 ಕಿ.ಮೀ. ಲೆಕ್ಕದಲ್ಲಿ ಅದರ ಶಕ್ತಿ ಸಾಗುತ್ತದೆ. ಅಂದರೆ ಸಾವಿರ ಕಿ.ಮೀ. ಆಚೆ ನಿನ್ನೆ ಎದ್ದ ಅಲೆ ಇವತ್ತು ನಮ್ಮ ದಡಕ್ಕೆ ಬಡಿಯುತ್ತದೆ. ಇಲ್ಲಿ ಮೋಡ ಇರಬೇಕಿಲ್ಲ, ಗಾಳಿ ಇರಬೇಕಿಲ್ಲ. ಆಳ ನೀರಿನಲ್ಲಿ ಅದು ದೋಣಿಯನ್ನು ಮೆತ್ತಗೆ ಎತ್ತಿ ಇಳಿಸುತ್ತದೆ, ಅಷ್ಟೇ. ತಳ ಮೇಲೆ ಬಂದ ಹಾಗೆ ಅಲೆ ನಿಧಾನವಾಗಿ, ಎತ್ತರವಾಗಿ, ಕಡೆಗೆ ಒಡೆದು ಬೀಳುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹಿನ್ನೀರಿನಲ್ಲಿ ಸುಸ್ತಾದರೆ ಯಾವ ಕಡೆ ತಿರುಗಿದರೂ ದಂಡೆ. ಹೆಚ್ಚೆಂದರೆ ಕೆಸರಲ್ಲಿ ಮೊಣಕಾಲು ಹೂಳುತ್ತದೆ. ದಂಡೆ ಕಂಡರೆ ಇಳಿಯಬಹುದು ಅನ್ನುವ ನಂಬಿಕೆ ಮೈಯಲ್ಲೇ ಕೂತುಬಿಡುತ್ತದೆ.

ಸಿದ್ಧತೆ

ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ, ಅದರ ಸುತ್ತ ಕಯಾಕ್ ಹಾಕುವ ಮಾತೇ ಇಲ್ಲ. ಅದಕ್ಕೇ ಬೇಲೇಕೇರಿಯಿಂದ ಶುರು. ಅಲ್ಲಿಂದ ಮಲ್ಪೆಗೆ ಕಡಲ ದಾರಿ ಸುಮಾರು 150 ಕಿ.ಮೀ. ಕರಾವಳಿ ಕಾವಲು ಪೊಲೀಸರಿಗೆ ಮೊದಲೇ ತಿಳಿಸಿತ್ತು. ಅವರ ಸಹಾಯವಾಣಿ 1093, ಕೋಸ್ಟ್ ಗಾರ್ಡ್‌ನದು 1554, ಎರಡನ್ನೂ ಕಯಾಕ್ ಮೇಲೆ ಬಣ್ಣದಲ್ಲಿ ಬರೆದಿತ್ತು.

ಹೊರದೇಶದವರ ಪ್ರಯಾಣದ ವಿಡಿಯೊ ನೋಡಿದವರು ಉಪಗ್ರಹ ಫೋನ್ ಯಾಕೆ ಒಯ್ಯಲಿಲ್ಲ ಅಂತ ಕೇಳುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಅಪರಾಧ. ಗಾರ್ಮಿನ್ ಇನ್‌ರೀಚ್‌ನಂಥ ಪುಟ್ಟ ಸಂದೇಶ ಯಂತ್ರ ಚೀಲದಲ್ಲಿತ್ತು ಅಂತ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ವಿದೇಶಿಯರಿದ್ದಾರೆ. ಹಾಗಾಗಿ ನಮ್ಮ ಹತ್ತಿರ ಇದ್ದದ್ದು ನೀರು ಹೋಗದ ಚೀಲದಲ್ಲಿ ಎರಡು ಸಾದಾ ಮೊಬೈಲ್. ದಡದಿಂದ ಐದಾರು ಕಿ.ಮೀ. ಒಳಗೆ ಇದ್ದರೆ ಸಿಗ್ನಲ್ ಸಿಗುತ್ತದೆ ಅನ್ನುವ ಭರವಸೆ.

ದೋಣಿ ಐದು ಮೀಟರ್ ಮೇಲೆ ಉದ್ದ, ಅಗಲ ಎರಡು ಅಡಿಗೂ ಕಮ್ಮಿ. ಹಿಂದೆ ಮುಂದೆ ನೀರು ಹೋಗದ ಎರಡು ಗೂಡು. ಸೊಂಟಕ್ಕೆ ಕಟ್ಟಿ, ದೋಣಿಯಲ್ಲಿ ಕೂರುವ ಬಾಯಿಗೆ ಬಿಗಿಯುವ ಹೊದಿಕೆ, ನೀರು ಹೊರಹಾಕುವ ಕೈಪಂಪು, ದಿಕ್ಸೂಚಿ. ಇದರ ಜೊತೆ ಮಡಚುವ ಸಣ್ಣ ಲಂಗರು, 40 ಮೀಟರ್ ಹಗ್ಗ. ಕಯಾಕ್ ಬಲ್ಲವರು ಲಂಗರು ಭಾರ, ಬೇಡ ಅಂದಿದ್ದರು. ಹರಿಗೋಲಿನವರು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನಿಲ್ಲುವುದನ್ನು ನೋಡಿ ಬೆಳೆದ ತಮ್ಮ ಬಿಡಲಿಲ್ಲ.

ಊಟದ ವಿಷಯ ಒಂದು ಹೇಳಬೇಕು. ಚಿಗವ್ವ ಎರಡು ಕಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿ ಕೊಟ್ಟಿದ್ದರು. ನಮ್ಮ ಕಡೆಯ ಒಣ ಹವೆಯಲ್ಲಿ ಖಡಕ್ ರೊಟ್ಟಿ ತಿಂಗಳಾದರೂ ಮುರಿದರೆ ಟಕ್ ಅನ್ನುತ್ತದೆ. ಕರಾವಳಿಯ ತೇವಕ್ಕೆ ಅದು ಮೂರನೇ ದಿನ ಚರ್ಮದ ಥರ ಮಡಚಿಕೊಳ್ಳೋಕೆ ಶುರುವಾಯಿತು. ಐದನೇ ದಿನ ಅಂಚಿನಲ್ಲಿ ಹಸಿರು ಬೂಷ್ಟು. ತಮ್ಮ ಬೂಷ್ಟು ಕೆರೆದು, ಉಳಿದದ್ದನ್ನು ಒಲೆ ಮೇಲೆ ಮತ್ತೆ ಒಣಗಿಸಿ ತಿಂದ. ಚಟ್ನಿ ಪುಡಿ ಮಾತ್ರ ಕಡೇತನಕ ಬಂತು.

ಕಾಯುವ ದಿನಗಳು

ಆ ವರ್ಷ ಮುಂಗಾರು ಹಿಂದೆ ಸರಿಯೋಕೆ ಶುರು ಮಾಡಿದ್ದೇ ಅಕ್ಟೋಬರ್ 9ಕ್ಕೆ. ಅಷ್ಟು ತಡ ದಾಖಲೆಯಲ್ಲೇ ಇರಲಿಲ್ಲ. ಸಮುದ್ರ ಇನ್ನೂ ತಣ್ಣಗಾಗಿಲ್ಲ ಅನ್ನುವ ಸೂಚನೆ ಅಲ್ಲೇ ಇತ್ತು. ಆದರೂ ತಮ್ಮ 19ಕ್ಕೆ ಹೊರಟ. ಕಾರಣ ಗದ್ದೆ. ನಮ್ಮೂರಿನ ಕೆಳಗಿನ ಗದ್ದೆಗಳಿಗೆ ವಿಜಯನಗರ ಕಾಲದ ಕಾಲುವೆ ನೀರು, ನಾಟಿ ಬೇಗ, ಕೊಯ್ಲೂ ಬೇಗ. ನವೆಂಬರ್ ಮೊದಲ ವಾರಕ್ಕೆ ಭತ್ತ ಕೊಯ್ಯುವ ಮಿಷನ್ ಪಾಳಿ ಹಚ್ಚಿತ್ತು. ಪಾಳಿ ತಪ್ಪಿದರೆ ಮಿಷನ್ ಮುಂದಿನ ಊರಿಗೆ ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅಷ್ಟರೊಳಗೆ ಮಲ್ಪೆ ಮುಟ್ಟಿ ವಾಪಸ್ ಬರಬೇಕು. ಈ ಪ್ರಯಾಣಕ್ಕೆ ಗಡುವು ಹಾಕಿದ್ದು ಸಮುದ್ರ ಅಲ್ಲ, ಭತ್ತ.

ಮೊದಲ ಎರಡು ದಿನ ಚೆನ್ನಾಗಿ ಸಾಗಿತು. 21ಕ್ಕೆ ಗೋಕರ್ಣದ ಕಡಲ ಗುಡ್ಡಗಳನ್ನು ದಾಟಿದಾಗ ದಕ್ಷಿಣದ ಆಕಾಶ ಕಪ್ಪಿಟ್ಟಿತ್ತು. ನಾನು ಫೋನಿನಲ್ಲಿ ಕಡಿಮೆ ಒತ್ತಡದ ಸುದ್ದಿ ಹೇಳಿದೆ. ಅವನು ಮಾತು ಬೆಳೆಸದೆ ಅಘನಾಶಿನಿ ಹೊಳೆಯ ಅಳಿವೆಯೊಳಗೆ (ಹೊಳೆ ಸಮುದ್ರ ಸೇರುವ ಬಾಯಿ) ತಿರುಗಿ ತದಡಿಯಲ್ಲಿ ದೋಣಿ ಎಳೆದ. ಈ ಪ್ರಕರಣದಲ್ಲಿ ತಮ್ಮನಿಗೆ ನೂರಕ್ಕೆ ನೂರು ಅಂಕ ಕೊಡಬಹುದಾದ ತೀರ್ಮಾನ ಇದು. ತೆರೆದ ಮರಳು ದಂಡೆಯಲ್ಲಿ ಡೇರೆ ಹಾಕಿದ್ದರೆ ಮುಂದಿನ ನಾಲ್ಕು ದಿನದಲ್ಲಿ ದೋಣಿಯೂ ಉಳಿಯುತ್ತಿರಲಿಲ್ಲ.

24ಕ್ಕೆ ವಾಯುಭಾರ ಕುಸಿತ, 25ಕ್ಕೆ ಚಂಡಮಾರುತ, 27ಕ್ಕೆ ಸೂಪರ್ ಸೈಕ್ಲೋನ್. 2007ರ ಗೋನು ಆದ ಮೇಲೆ ಅರಬ್ಬಿ ಸಮುದ್ರ ಕಂಡ ಮೊದಲ ಸೂಪರ್ ಸೈಕ್ಲೋನ್ ಅದು. ನಡುವೆ ಗಾಳಿಯ ವೇಗ ಗಂಟೆಗೆ 240 ಕಿ.ಮೀ. ತನಕ ಹೋಯಿತು. ನಮ್ಮ ಪುಣ್ಯ, ಅದು ದಡಕ್ಕೆ ಬರದೆ ಪಶ್ಚಿಮಕ್ಕೆ, ಒಮಾನ್ ಕಡೆಗೆ ತಿರುಗಿತು. ಆ ಹೊತ್ತಿಗೆ ಬೇರೆ ರಾಜ್ಯಗಳ ಮೀನುಗಾರಿಕೆ ದೋಣಿಗಳೂ ಕಾರವಾರ ಬಂದರಿಗೆ ಬಂದು ಲಂಗರು ಹಾಕಿದ್ದವು.

ತದಡಿಯಲ್ಲಿ ತಮ್ಮ ಬಲೆ ಇಡುವ ಶೆಡ್ಡಿನ ಹಿಂದೆ ತಾಡಪತ್ರಿ ಕಟ್ಟಿಕೊಂಡು ಕೂತ. ನೆನೆದ ಬಟ್ಟೆ ಒಣಗುತ್ತಿರಲಿಲ್ಲ. ಸೊಂಟದ ಸುತ್ತ, ಕಂಕುಳಲ್ಲಿ ಉಪ್ಪು ತಿಕ್ಕಿ ಹುಣ್ಣಾಗಿತ್ತು. ಅಕ್ಕಪಕ್ಕದವರು ಗಂಜಿ ಕೊಟ್ಟರು, ಮೀನು ಕೊಟ್ಟರು, ಆ ಕಡ್ಡಿಯಂಥ ದೋಣಿ ನೋಡಿ ನಕ್ಕರು. ಗಾಳಿ ಮಳೆ ಅವನು ತಡೆದುಕೊಂಡ. ತಡೆಯಲಾಗದ್ದು ಊರಿನ ಫೋನ್. ಅದೇ ವಾರ ನಮ್ಮ ಕಡೆಯೂ ಮಳೆ ಹೊಡೆದು ತೆನೆ ಬಾಗಿದ ಭತ್ತ ನೆಲಕ್ಕೆ ಮಲಗಿತ್ತು. ಚಿಕ್ಕಪ್ಪ ದಿನಕ್ಕೆರಡು ಸಲ ಫೋನ್ ಮಾಡಿ ಯಾವ ಮಡಿ ಮಲಗಿದೆ, ಯಾವುದು ಇನ್ನೂ ನಿಂತಿದೆ ಅಂತ ವರದಿ ಒಪ್ಪಿಸುತ್ತಿದ್ದರು. ಬಾ ಅಂತ ಒಂದು ಸಲವೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಹನ್ನೊಂದು ಗಂಟೆ

28, ಸೋಮವಾರ, ಬಲಿಪಾಡ್ಯಮಿ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇತ್ತು. ತಮ್ಮ ಅಳಿವೆ ಬಾಯಿ ಕಾಣುವ ಜಾಗಕ್ಕೆ ಹೋಗಿ ಗಡಿಯಾರ ಹಿಡಿದು ಅಲೆ ಎಣಿಸಿದ. ಎರಡು ಅಲೆಗಳ ನಡುವೆ ಹದಿಮೂರು ಹದಿನಾಲ್ಕು ಸೆಕೆಂಡ್. ಏಳೆಂಟು ಸಣ್ಣವು, ಆಮೇಲೆ ಮೂರು ದೊಡ್ಡವು, ಮತ್ತೆ ಸಣ್ಣವು. ಇಳಿತದ ಕೊನೆ ಹೊತ್ತಾದ್ದರಿಂದ ಬಾಯಿ ತುಂಬ ಬಿಳಿ ನೊರೆ.

ತದಡಿಯ ಒಂದು ದೋಣಿಯೂ ಹೊರಟಿರಲಿಲ್ಲ. ತಮ್ಮ ಅದಕ್ಕೆ ಕಾರಣ ಹಬ್ಬ ಅಂದುಕೊಂಡ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಕೇಳಲಿಲ್ಲ. ಅಷ್ಟು ದಿನ ಅವರ ಅನ್ನ ಉಂಡವನಿಗೆ ಇನ್ನೂ ಒಂದು ದಿನ ಇರು ಅನ್ನಿಸಿಕೊಳ್ಳುವ ಮನಸ್ಸಿರಲಿಲ್ಲ ಅಂತ ಆಮೇಲೆ ಒಪ್ಪಿಕೊಂಡ.

ಅವನ ಲೆಕ್ಕ ಹೀಗಿತ್ತು. ಅಮಾವಾಸ್ಯೆ, ದೊಡ್ಡ ಉಬ್ಬರ. ಹನ್ನೊಂದರ ಹೊತ್ತಿಗೆ ನೀರು ತುಂಬಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಗ ಅಳಿವೆ ಆಳ ಇರುತ್ತದೆ, ಹೊರಮುಖದ ಹರಿವು ಇರುವುದಿಲ್ಲ, ಅಲೆ ಒಡೆಯುವುದು ಕಮ್ಮಿ. ಆ ಹೊತ್ತಿಗೆ ಹೊರಬಿದ್ದರೆ ಹೊನ್ನಾವರ 25 ಕಿ.ಮೀ. ಗಂಟೆಗೆ ಐದು ಕಿ.ಮೀ. ಅಂದರೆ ನಾಲ್ಕು ಗಂಟೆಗೆ ಮುಟ್ಟಬಹುದು. ಸೂರ್ಯ ಮುಳುಗುವುದು ಆರರ ನಂತರ.

ಲೆಕ್ಕದ ಮೊದಲ ಅರ್ಧ ಕರಾರುವಾಕ್ಕಾಗಿತ್ತು. ಹನ್ನೊಂದಕ್ಕೆ ಅಳಿವೆ ನಿಜವಾಗಲೂ ತಣ್ಣಗಿತ್ತು. ಹೊದಿಕೆಯ ಮೇಲೆ ಒಂದು ಹನಿ ಬೀಳದೆ ದಾಟಿದ. 11.40ಕ್ಕೆ ಫೋನ್ ಬಂತು. "ಅಣ್ಣಾ, ಮಸ್ತ್ ಐತ್ರೀ. ತೆರೆ ದೊಡ್ಡವು ಅದಾವ, ಆದ್ರ ಮೆತ್ತಗ ಅದಾವ." ನನ್ನ ಟಿಪ್ಪಣಿಯಲ್ಲಿ ಇದರ ಪಕ್ಕ ಒಂದು ಸರಿ ಗುರುತು ಇದೆ.

ಎರಡನೇ ಅರ್ಧಕ್ಕೆ ಬರೋಣ. ಉಬ್ಬರ ಹನ್ನೊಂದಕ್ಕೆ ತುಂಬಿದರೆ ಇಳಿತದ ಕೊನೆ ಸಂಜೆ ಐದು, ಐದೂವರೆಗೆ. ಅಂದರೆ ಅವನು ಹೊನ್ನಾವರ ಮುಟ್ಟುವ ಹೊತ್ತಿಗೆ ಶರಾವತಿ ಪೂರ್ತಿ ಬಲದಲ್ಲಿ ಹೊರಗೆ ಹರಿಯುತ್ತಿರುತ್ತದೆ. ಹೊರಗೆ ಓಡುವ ಹೊಳೆಗೆ ಒಳಗೆ ನುಗ್ಗುವ ಸ್ವೆಲ್ ಎದುರಾದರೆ ಅಲೆ ಕುಗ್ಗಿ, ಕಡಿದಾಗಿ, ನಿಂತಲ್ಲೇ ಒಡೆಯುತ್ತದೆ. ಹೊನ್ನಾವರದ ಅಳಿವೆ ಮೀನುಗಾರರಿಗೇ ತಲೆನೋವಿನ ಜಾಗ. ಹಾಗಾದರೆ ಮುಂದಿನ ಬಾಗಿಲು ಅವನು ಹೋಗುವ ಹೊತ್ತಿಗೆ ಹಾಕಿರುತ್ತದೆ. ಹಿಂದಿನದ್ದು? ಅದೂ ಅಷ್ಟೇ. ಒಂದು ಗಂಟೆಯ ಮೇಲೆ ಅಘನಾಶಿನಿಯಲ್ಲೂ ಇಳಿತ ಶುರು. ಬೆಳಗ್ಗೆ ಕಂಡ ಬಿಳಿ ನೊರೆ ಮತ್ತೆ ಬರುತ್ತದೆ. ನಡುವೆ ಇರುವುದು ಕುಮಟಾ, ಧಾರೇಶ್ವರದ ತೆರೆದ ಮರಳು ದಂಡೆ. ಅಲ್ಲಿ 14 ಸೆಕೆಂಡಿನ ಅಲೆ ನೇರ ಬಂದು ಬೀಳುತ್ತದೆ. ಇಳಿಯುವ ಜಾಗ 25 ಕಿ.ಮೀ.ಯಲ್ಲಿ ಒಂದೂ ಇಲ್ಲ. ಹೊರಬೀಳುವ ಹೊತ್ತನ್ನು ಅವನು ನಿಮಿಷದ ಲೆಕ್ಕದಲ್ಲಿ ಹುಡುಕಿದ್ದ, ಒಳಬರುವ ಹೊತ್ತನ್ನು ಗಡಿಯಾರದಲ್ಲಿ ನೋಡಿಯೇ ಇರಲಿಲ್ಲ.

ಇನ್ನೊಂದು ಮಾತು. ಹನ್ನೊಂದಕ್ಕೆ ಹೊರಟರೆ ಇಡೀ ದಾರಿ ಮಧ್ಯಾಹ್ನದ ಗಾಳಿಯಲ್ಲಿ. ಈ ಕರಾವಳಿಯಲ್ಲಿ ಬೆಳಗಿನ ಹೊತ್ತು ನೀರು ಶಾಂತ, ಊಟದ ಹೊತ್ತಿನ ಮೇಲೆ ವಾಯವ್ಯದಿಂದ ಕಡಲಗಾಳಿ ಏರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಮೈಮೇಲಿನ ಒತ್ತಡ ನಾಲ್ಕು ಪಟ್ಟು. ಬೆನ್ನ ಗಾಳಿ ಆದ್ದರಿಂದ ಒಳ್ಳೆಯದೇ ಅಲ್ವಾ ಅನಿಸಬಹುದು. ತುಂಬಿದ ಕಯಾಕ್ ಬೆನ್ನ ಅಲೆಯಲ್ಲಿ ಅಡ್ಡ ತಿರುಗೋಕೆ ನೋಡುತ್ತಿರುತ್ತದೆ. ಪ್ರತಿ ಅಲೆಗೂ ಹುಟ್ಟನ್ನು ಹಿಂದೆ ಊರಿ ತಡೆಯಬೇಕು.

ಕುಮಟಾ ಎದುರು ಒಂದೂವರೆಗೆ ತಮ್ಮ ದಂಡೆ ನೋಡಿದ. ಹೊರಗಿನಿಂದ ನೋಡುವವನಿಗೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಹಾಗಾಗಿ ಎಲ್ಲ ಸಣ್ಣದಾಗಿಯೇ ಕಂಡಿತು. ಅವನನ್ನು ತಡೆದದ್ದು ಕಣ್ಣಲ್ಲ, ಕಿವಿ. ಅಲೆ ಬಿದ್ದ ಮೇಲೆ ಬರುವ ಸದ್ದು ಎದೆಗೆ ತಾಗುತ್ತಿತ್ತು ಅಂದ. ಧಾರೇಶ್ವರದ ಹತ್ತಿರ ಇನ್ನೂ ಸ್ವಲ್ಪ ಒಳಗೆ ಹೋಗಿ, ದೊಡ್ಡ ಮೂರು ಅಲೆಗಳು ಹಾದುಹೋಗುವುದನ್ನು ನೋಡಿ, ಮತ್ತೆ ಹೊರಗೆ ಬಂದ. ನುಗ್ಗಿದ್ದರೆ ದೋಣಿಯ ಮೂತಿ ಮರಳಿಗೆ ನಾಟಿ ಬೆನ್ನುಮೂಳೆಗೇ ಪೆಟ್ಟಾಗುವ ಸಾಧ್ಯತೆ ಇತ್ತು.

ಬಸವರಾಜದುರ್ಗದ ಮರೆಯಲ್ಲಿ

ಐದರ ಹೊತ್ತಿಗೆ ಹೊನ್ನಾವರದ ಎದುರು ಬಂದ. ಶರಾವತಿಯ ಬಾಯಿಗೆ ಅಡ್ಡಲಾಗಿ ಬಿಳಿ ಗೆರೆ. ಆಗ ಅವನು ಮಾಡಿದ್ದು ಸರಿಯಾದ ಕೆಲಸ. ಇಳಿಯುವ ಆಸೆಯನ್ನೇ ಬಿಟ್ಟ. ಅಳಿವೆಯ ಹೊರಗೆ ದಡದಿಂದ ಕೆಲವು ಕಿ.ಮೀ. ದೂರದಲ್ಲಿ ಬಸವರಾಜದುರ್ಗ ಅನ್ನುವ ದ್ವೀಪ ಇದೆ, ಮೇಲೆ ಕೆಳದಿ ಅರಸರ ಕಾಲದ ಕೋಟೆ. ಸ್ವೆಲ್ ಬರುತ್ತಿದ್ದದ್ದು ಪಶ್ಚಿಮ ವಾಯವ್ಯದಿಂದ. ಹಾಗಾದರೆ ದ್ವೀಪದ ಪೂರ್ವ ಮಗ್ಗುಲಲ್ಲಿ ಅಲೆಯ ನೆರಳು ಇರಬೇಕು. ಅಲ್ಲಿಗೆ ಹೊರಟ.

ದ್ವೀಪದ ಮೂಲೆ ಸುತ್ತುವಾಗ ಬಂಡೆಗೆ ಬಡಿದು ವಾಪಸ್ ಬರುವ ಅಲೆ, ಬರುವ ಅಲೆಗೆ ಕೂಡಿ ನೀರು ದಿಕ್ಕಿಲ್ಲದೆ ಕುದಿಯುತ್ತಿತ್ತು. ಅಲ್ಲಿ ಮಗುಚಿದ. ಮೊದಲ ಸಲ ಏಳೋಕಾಗಲಿಲ್ಲ, ಎರಡನೇ ಸಲ ಎದ್ದ. ಹಿನ್ನೀರಿನ ಜುಲೈ ಗಾಳಿಯ ಋಣ ಅದು. ಬಂಡೆ ಹತ್ತುವ ಯೋಚನೆ ಮಾಡಲಿಲ್ಲ, ನೀರು ಬಂಡೆ ಮೇಲೆ ಆಳುದ್ದ ಏರಿ ಇಳಿಯುತ್ತಿತ್ತು. ನೆರಳಿನ ನಡುವಿಗೆ ಬಂದು ಲಂಗರು ಬಿಟ್ಟ. ನೀರಿನ ಆಳ ಎಂಟು ಮೀಟರ್ ಆಸುಪಾಸು ಅಂತ ಹಗ್ಗದಲ್ಲೇ ಅಳೆದ. ಲಂಗರು ಕಚ್ಚಬೇಕಾದರೆ ಆಳದ ಐದು ಪಟ್ಟಾದರೂ ಹಗ್ಗ ಬಿಡಬೇಕು. 40 ಮೀಟರ್ ಅಲ್ಲಿಗೆ ಸರಿಹೋಯಿತು.

5.50ಕ್ಕೆ ನನಗೆ ಮೆಸೇಜ್ ಬಂತು. "ಇಳಿಯಾಕ ಆಗವಲ್ದು. ಕ್ವಾಟಿ ಇರೋ ದ್ವೀಪದ ಮರಿಗೆ ಲಂಗರ ಹಾಕೀನಿ. ಆರಾಮ ಅದೀನಿ. ಚಾರ್ಜ್ ಕಮ್ಮಿ ಐತಿ, ಫೋನ್ ಬಂದ್ ಮಾಡ್ತೀನಿ. ಮುಂಜಾನೆ ಆರೂವರಿಗೆ ಹಚ್ತೀನಿ. ಅವ್ವಗ ಹೇಳಬ್ಯಾಡ್ರಿ."

ಗಾಬರಿಯಲ್ಲಿ ಬರೆಯುವವರು ಕಾಪಾಡಿ ಅನ್ನುತ್ತಾರೆ, ಎಲ್ಲಿದ್ದೇನೆ ಅನ್ನುವುದನ್ನೇ ಮರೆಯುತ್ತಾರೆ. ಈ ನಾಲ್ಕು ಸಾಲಿನಲ್ಲಿ ಜಾಗ, ಸ್ಥಿತಿ, ಮುಂದಿನ ಸುದ್ದಿಯ ಹೊತ್ತು ಮೂರೂ ಇವೆ. ಮನೆಯಲ್ಲಿ ಆಗ ಹಟ್ಟೆವ್ವನ ಪೂಜೆ ನಡೆದಿತ್ತು. ನಾನು ಹಿತ್ತಲಿಗೆ ಹೋಗಿ 1093ಕ್ಕೆ ಫೋನ್ ಮಾಡಿ ದ್ವೀಪದ ಹೆಸರು, ದೋಣಿಯ ಬಣ್ಣ, ಅವನ ಹತ್ತಿರ ನೀರು ಊಟ ಇರುವುದು ಎಲ್ಲ ಬರೆಸಿದೆ. ಬೆಳಗ್ಗೆ ಏಳರೊಳಗೆ ಸುದ್ದಿ ಬರದಿದ್ದರೆ ಹುಡುಕಬೇಕಾಗುತ್ತದೆ ಅಂದೆ. ಆ ಕತ್ತಲಲ್ಲಿ, ಆ ಅಳಿವೆಯಲ್ಲಿ ದೋಣಿ ಹೊರಡಿಸಿ ಅಂತ ಕೇಳಲಿಲ್ಲ. ಒಬ್ಬನನ್ನು ತರೋಕೆ ನಾಲ್ಕು ಜನರನ್ನು ಅದೇ ಬಾಯಿಗೆ ತಳ್ಳುವುದು ಸರಿ ಅಲ್ಲ.

ರಾತ್ರಿಯ ಬಗ್ಗೆ ತಮ್ಮ ಹೇಳುವುದು ಕಮ್ಮಿ. ಅಕ್ಟೋಬರ್ ಕೊನೆಯಲ್ಲೂ ಅಲ್ಲಿನ ಸಮುದ್ರ ಬೆಚ್ಚಗೇ ಇರುತ್ತದೆ. ಚಳಿ ಹುಟ್ಟಿಸುವುದು ಒದ್ದೆ ಮೈ ಮೇಲಿನ ಗಾಳಿ. ಹೊದಿಕೆ ಬಿಗಿದು ಸೊಂಟದ ಕೆಳಗೆ ಬೆಚ್ಚಗಿಟ್ಟುಕೊಂಡ, ಮೇಲೆ ಮಳೆ ಅಂಗಿ, ತಲೆಗೆ ಟವೆಲ್. ಹುಟ್ಟನ್ನು ಮಣಿಕಟ್ಟಿಗೆ ಕಟ್ಟಿಕೊಂಡ. ಎರಡು ಸಲ ವಾಂತಿ. ಮಲಗಿದರೆ ಬೀಳುತ್ತೇನೆ ಅನ್ನುವ ಭಯಕ್ಕೆ ಡೊಳ್ಳಿನ ಪದ ಹಾಡುತ್ತ ಕೂತ. ನಡುರಾತ್ರಿಯ ಮೇಲೆ ದೂರದ ಸೇತುವೆಯ ದೀಪಗಳು ಜಾಗ ಬದಲಿಸಿದ ಹಾಗೆ ಕಂಡಿತು. ಲಂಗರು ಜಾರುತ್ತಿತ್ತು. ಎಳೆದುಕೊಂಡು, ದ್ವೀಪದ ಹತ್ತಿರಕ್ಕೆ ಹುಟ್ಟು ಹಾಕಿ, ಮತ್ತೆ ಬಿಟ್ಟ. ಆಮೇಲೆ ಎರಡು ದೀಪಗಳನ್ನು ಒಂದರ ಮೇಲೊಂದು ಬರುವ ಹಾಗೆ ಗುರುತಿಟ್ಟುಕೊಂಡು, ಅವು ಬೇರೆಯಾದವೇ ಅಂತ ನೋಡುವುದೇ ಕೆಲಸ.

ಒಳಗೆ ಬಂದದ್ದು

ಬೆಳಗ್ಗೆ ಆರೂವರೆಗೆ ಸರಿಯಾಗಿ ಫೋನ್ ಹಚ್ಚಿದ. ಅಷ್ಟರಲ್ಲಿ ನಾನು ಒಂದು ಕೆಲಸ ಮಾಡಿದ್ದೆ. ಗಂಗಾವತಿಯ ಅಕ್ಕಿ ಲಾರಿಗಳು ಕರಾವಳಿಗೆ ಹೋಗಿ ಬರುತ್ತಿರುತ್ತವೆ. ಪರಿಚಯದ ಡ್ರೈವರ್ ಒಬ್ಬರ ಮೂಲಕ ಹೊನ್ನಾವರ ಪಕ್ಕದ ಕಾಸರಕೋಡಿನ ಒಬ್ಬ ಮೀನುಗಾರರ ನಂಬರ್ ಸಿಕ್ಕಿತ್ತು. ಹಿರಿಯರು, ಹುಟ್ಟಿದಾಗಿಂದ ಆ ಅಳಿವೆ ನೋಡಿದವರು. ಇಳಿತ ಮುಗಿದು ನೀರು ಒಳಗೆ ತಿರುಗುವ ತನಕ ಹತ್ತಿರ ಬರಬೇಡ, ಒಂಬತ್ತರ ಮೇಲೆ ನೋಡೋಣ ಅಂದರು. ಸ್ವೆಲ್ಲೂ ಹರಿವೂ ಒಂದೇ ದಿಕ್ಕಿಗೆ ಇದ್ದರೆ ಅಲೆ ಅಷ್ಟು ಕಡಿದಾಗುವುದಿಲ್ಲ, ಆಳವೂ ಜಾಸ್ತಿ ಇರುತ್ತದೆ.

ಒಂಬತ್ತೂಕಾಲಿಗೆ ಅವರು ಮರಳ ದಿಬ್ಬದ ಮೇಲೆ ನಿಂತು ಫೋನಿನಲ್ಲಿ ದಾರಿ ಹೇಳಿದರು. ತಮ್ಮ ಒಡೆಯುವ ಜಾಗದ ಹೊರಗೆ ಕಾದ. ದೊಡ್ಡವು ಮೂರೂ ಹೋದ ಮೇಲೆ ಅವರು ಕೂಗಿದರು, ಇವನು ಕೈ ಬಿಡದೆ ಹುಟ್ಟು ಹಾಕಿದ. ನಡುವೆ ಒಂದು ಅಲೆ ಹಿಂದಿನಿಂದ ಎತ್ತಿತು, ಒಡೆಯಲಿಲ್ಲ. ಐದಾರು ನಿಮಿಷದಲ್ಲಿ ಶರಾವತಿಯ ಒಳಗಿದ್ದ. ನಾನು 1093ಕ್ಕೆ ಮತ್ತೆ ಫೋನ್ ಮಾಡಿ ಬಂದ ಅಂತ ಹೇಳಿದೆ. ಬಹಳ ಜನ ಈ ಎರಡನೇ ಫೋನ್ ಮರೆಯುತ್ತಾರೆ.

ಮರುದಿನ, 30ಕ್ಕೆ, ಲಕ್ಷದ್ವೀಪದ ಕಡೆ ಮಹಾ ಅನ್ನುವ ಇನ್ನೊಂದು ಚಂಡಮಾರುತ ಏಳತೊಡಗಿತು. ಪ್ರಯಾಣ ಹೊನ್ನಾವರಕ್ಕೇ ನಿಂತಿತು. ಕಯಾಕ್ ಖಾಲಿ ಅಕ್ಕಿ ಲಾರಿಯಲ್ಲಿ ಗಂಗಾವತಿಗೆ ಬಂತು. ಗದ್ದೆಯ ಹಸಿ ಆರದೆ ಮಿಷನ್ ಇಳಿಯಲಿಲ್ಲ, ನಮ್ಮೂರಿನ ಪಾಳಿ ಎಲ್ಲರದೂ ಹತ್ತು ದಿನ ಮುಂದೆ ಹೋಯಿತು.

ನಮ್ಮಿಬ್ಬರ ಜಗಳ

ಈ ಪ್ರಕರಣದಲ್ಲಿ ತಮ್ಮನದೂ ನನ್ನದೂ ಒಮ್ಮತ ಇಲ್ಲ. ಕುಮಟಾ ಎದುರಿನಿಂದ ವಾಪಸ್ ಹೋಗಬಹುದಿತ್ತು, ಅಲ್ಲಿ ತಪ್ಪಿದೆ ಅನ್ನುತ್ತಾನೆ ಅವನು. ನನ್ನ ಪ್ರಕಾರ ಒಂದೂವರೆಗೆ ತದಡಿಯ ಬಾಗಿಲು ಹಾಕಿಯಾಗಿತ್ತು. ಎದುರು ಗಾಳಿಯಲ್ಲಿ ಎರಡು ಗಂಟೆ ಹುಟ್ಟು ಹಾಕಿ ಹೋಗಿ, ಮೂರೂವರೆಗೆ ಅಲ್ಲಿನ ಇಳಿತದ ಮುಂದೆ ನಿಲ್ಲುತ್ತಿದ್ದ. ಅಲ್ಲಿ ದ್ವೀಪವೂ ಇರಲಿಲ್ಲ. ಹೊರಬಿದ್ದು, ಮಧ್ಯಾಹ್ನ ಒಂದೂವರೆ ಆದ ಮೇಲೆ ಮುಂದೆ ಹೋಗುವುದೇ ಇದ್ದದ್ದರಲ್ಲಿ ಒಳ್ಳೆಯ ದಾರಿ.

ಹಾಗಾದರೆ 28ಕ್ಕೆ ಏನು ಮಾಡಬೇಕಿತ್ತು? ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಒಂದು ವಾರ ಕಾದರೆ ತುಂಬುವ ಹೊತ್ತು ನಸುಕಿಗೆ ಬರುತ್ತದೆ, ಉಬ್ಬರವೂ ಸಣ್ಣದು, ಇಳಿತದ ಬಲವೂ ಕಮ್ಮಿ. ನಸುಕಿಗೆ ಹೊರಟು ಗಾಳಿ ಏಳುವ ಮೊದಲೇ ಹೊನ್ನಾವರ ಮುಟ್ಟಬಹುದು. ಆದರೆ ಆ ವಾರದಲ್ಲಿ ಮಹಾ ಬಂತು. ಒಟ್ಟಿನಲ್ಲಿ ಆ ಅಕ್ಟೋಬರ್‌ನಲ್ಲಿ ಅವನಿಗೆ ಸಮುದ್ರ ಸಿಗುತ್ತಿರಲಿಲ್ಲ. ತದಡಿಯಲ್ಲೇ ದೋಣಿಯನ್ನು ಲಾರಿಗೆ ಹಾಕಿ ಬರಬೇಕಿತ್ತು. ತಮ್ಮ ಇದನ್ನು ಒಪ್ಪುವುದಿಲ್ಲ. ಒಂದು ರಾತ್ರಿ ಕೂತರೆ ಏನಾಯ್ತೀಗ ಅಂತಾನೆ.

ಅವನಿಗೆ ನಾನು ಆಂಡ್ರ್ಯೂ ಮೆಕಾಲೆಯ ವಿಷಯ ಹೇಳುತ್ತಿರುತ್ತೇನೆ. ಆಸ್ಟ್ರೇಲಿಯಾದ ಈ ಕಯಾಕಿ 2007ರ ಜನವರಿ 11ಕ್ಕೆ ಟಾಸ್ಮೇನಿಯಾದಿಂದ ನ್ಯೂಜಿಲೆಂಡಿಗೆ ಒಬ್ಬನೇ ಹೊರಟ. ಮಲಗುವಾಗ, ಬಿರುಗಾಳಿ ಬಂದಾಗ ಒಳಗೆ ಮುಚ್ಚಿಕೊಳ್ಳೋಕೆ ಫೈಬರ್‌ನ ಗುಮ್ಮಟ ಮಾಡಿಸಿಕೊಂಡಿದ್ದ. ದಕ್ಷಿಣ ಸಮುದ್ರದ ಬಿರುಗಾಳಿಯನ್ನು ಅದರೊಳಗೆ ಕೂತು ತಡೆದ. ಗುರಿ ನೂರು ಕಿ.ಮೀ. ಕೂಡ ಇಲ್ಲದಾಗ, ಫೆಬ್ರುವರಿ 9ಕ್ಕೆ, ರೇಡಿಯೊದಲ್ಲಿ ಅವನ ಕೊನೆಯ ಕರೆ ಬಂತು. ಮರುದಿನ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಬಿರುಗಾಳಿ ತಡೆದ ಮನುಷ್ಯ ದಡದ ಹತ್ತಿರ ಹೋದ ಅನ್ನುವುದನ್ನು ತಮ್ಮ ಸುಮ್ಮನೆ ಕೇಳಿಸಿಕೊಳ್ಳುತ್ತಾನೆ. ಆಮೇಲೆ, ಅವನ ಹತ್ತಿರ ಲಂಗರು ಇತ್ತೇನು ಅಂತ ಕೇಳುತ್ತಾನೆ. ಸಾವಿರಾರು ಅಡಿ ಆಳದ ಸಮುದ್ರದಲ್ಲಿ ಲಂಗರು ಯಾರು ಬಿಡುತ್ತಾರೆ!

ಉಳಿದ ಹೊನ್ನಾವರ–ಮಲ್ಪೆ ದಾರಿಯನ್ನು ಅವನು 2020ರ ಜನವರಿಯಲ್ಲಿ, ಭತ್ತ ಮಾರಿ ದುಡ್ಡು ಕೈಗೆ ಬಂದ ಮೇಲೆ ಮುಗಿಸಿದ. ಆ ಸಲ ಹಾಳೆಯಲ್ಲಿ ಪ್ರತಿ ಅಳಿವೆಗೂ ಎರಡು ಹೊತ್ತು ಬರೆದಿತ್ತು, ಹೊರಗೆ ಬೀಳುವುದು ಒಂದು, ಒಳಗೆ ಬರುವುದು ಒಂದು. ವಾಪಸ್ ಬರುವ ತಾರೀಖಿನ ಜಾಗ ಖಾಲಿ ಬಿಟ್ಟಿತ್ತು. ರೊಟ್ಟಿ ಬದಲು ಅವಲಕ್ಕಿ ಒಯ್ದಿದ್ದ. ದಿನಾ ಬೆಳಗ್ಗೆ ಹತ್ತೂವರೆಯೊಳಗೆ ಯಾವುದೋ ದಂಡೆಯಿಂದ ಫೋನ್ ಬರುತ್ತಿತ್ತು, ನನ್ನ ನೋಟ್‌ಬುಕ್‌ನಲ್ಲಿ ಆ ಪ್ರಯಾಣ ಒಂದು ಪುಟವೂ ತುಂಬಿಲ್ಲ.